ಸ್ನೈಪ್ ಈಲ್ ತಿಂದದ್ದೇನು: ಬಲೆಯಿಂದ ಸೂಕ್ಷ್ಮದರ್ಶಕದವರೆಗೆ

ಆಳಸಮುದ್ರದ ಹಾವುಮೀನುಗಳಲ್ಲಿ ಅತಿ ಬೇಗ ಹಾಳಾಗುವುದು ಸ್ನೈಪ್ ಈಲ್, ಅಂದರೆ ನೆಮಿಕ್ತಿಸ್ ಸ್ಕೊಲೊಪೇಸಿಯಸ್. ಮೀಟರಿಗಿಂತ ಉದ್ದವಿದ್ದರೂ ಎರಡು ಬೆರಳಲ್ಲಿ ಎತ್ತುವಷ್ಟು ಹಗುರ. ಬಾಲದ ತುದಿ ನೂಲಿನಷ್ಟು ತೆಳ್ಳಗಿರುತ್ತದೆ. ಅರಬ್ಬೀ ಸಮುದ್ರವೂ ಸೇರಿದಂತೆ ಬೆಚ್ಚಗಿನ ಸಾಗರಗಳಲ್ಲೆಲ್ಲ ಇದೆ. ತಳದಲ್ಲಿ ಮಲಗುವ ಮೀನಲ್ಲ, ನಡುನೀರಿನದು. ಹೆಚ್ಚಾಗಿ ಕೆಲವು ನೂರು ಮೀಟರಿನಿಂದ 1000 ಮೀಟರ್ ಆಳದೊಳಗೆ ಸಿಗುತ್ತದೆ. ತೆರೆದ ಬಾಯಿಯ ಬಲೆ ಮೇಲೆ ಬರುವಾಗಲೂ ಮೀನು ಹಿಡಿಯುತ್ತದೆ. ಹಾಗಾಗಿ ಚೀಟಿಯಲ್ಲಿ ನಾನು ಬರೆಯುವುದು ‘ಬಲೆ ಮುಟ್ಟಿದ ಗರಿಷ್ಠ ಆಳ’ ಎಂದು ಮಾತ್ರ. ಮೀನು ಇದ್ದ ಆಳ ಬೇಕೆಂದರೆ ನೀರೊಳಗೇ ತೆರೆದು ಮುಚ್ಚುವ ಬಲೆ ಬೇಕು.

ಕೊಕ್ಕು, ಅಂದರೆ ಉದ್ದಕ್ಕೆ ಚಾಚಿದ ದವಡೆಗಳು, ಬಲೆಕಣ್ಣಿಗೆ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಸಣ್ಣ ಕತ್ತರಿಯಿಂದ ಬಲೆಯ ಎಳೆಯನ್ನೇ ಕತ್ತರಿಸಿ. ಮೇಲಿನ ಮತ್ತು ಕೆಳಗಿನ ದವಡೆಗಳ ತುದಿಗಳು ಒಂದಕ್ಕೊಂದು ವಿಮುಖವಾಗಿ ಬಾಗಿರುತ್ತವೆ, ಬಾಯಿ ಮುಚ್ಚಿದರೂ ತುದಿಗಳು ಕೂಡುವುದಿಲ್ಲ. ಅದನ್ನು ಗಾಯವೆಂದುಕೊಂಡು ದಾರದಿಂದ ಕಟ್ಟಿದ ಮಾದರಿಗಳನ್ನು ನೋಡಿದ್ದೇನೆ. ಆಮೇಲೆ ಆ ಕೊಕ್ಕಿನ ಅಳತೆ ಯಾವುದಕ್ಕೂ ಬರುವುದಿಲ್ಲ.

ಮೀನು ಕೊಳೆಯದಂತೆ ಇಡಲು ನಾನು ಬಳಸುವುದು ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ಸಮುದ್ರದ ನೀರು ಬೆರೆಸಿ, ಬೋರಾಕ್ಸ್ ಹಾಕಿದ ದ್ರಾವಣ. ಬೋರಾಕ್ಸ್ ಇಲ್ಲದಿದ್ದರೆ ಫಾರ್ಮಲಿನ್ ಹುಳಿಯಾಗಿ ಮೂಳೆಯ ಸುಣ್ಣ ಕರಗುತ್ತದೆ, ಎಕ್ಸ್‌ರೇಯಲ್ಲಿ ಕಶೇರುಮಣಿಗಳು (ಬೆನ್ನೆಲುಬಿನ ಮಣಿಗಳು) ಮಸುಕಾಗುತ್ತವೆ. ಮೀನನ್ನು ಜಾಡಿಯಲ್ಲಿ ಸುತ್ತಿಡಬೇಡಿ, ಸುರುಳಿ ಹಾಗೆಯೇ ಗಟ್ಟಿಯಾಗಿಬಿಡುತ್ತದೆ. ಎರಡೂ ಬದಿ ಮುಚ್ಚಳವಿರುವ ಪಿವಿಸಿ ಪೈಪಿನಲ್ಲಿ ನೇರವಾಗಿ ಒಂದು ವಾರ ಇಟ್ಟು, ನೀರಲ್ಲಿ ತೊಳೆದು, ಹಂತ ಹಂತವಾಗಿ 70% ಆಲ್ಕೋಹಾಲಿಗೆ ಹಾಕಿ.

ಗುರುತಿಸಲು ಮೊದಲು ಗುದದ್ವಾರ ನೋಡಿ. ಅದು ಗಂಟಲಿನಲ್ಲಿ, ಎದೆಯ ಈಜುರೆಕ್ಕೆಯ ಕೆಳಗೇ ಇದೆ. ಹತ್ತಿರದ ಸಂಬಂಧಿ ಕುಲವಾದ ಅವೊಸೆಟ್ಟಿನಾದಲ್ಲಿ ಅದು ಸಾಕಷ್ಟು ಹಿಂದಿರುತ್ತದೆ, ಬಾಲದಲ್ಲಿ ನೂಲೂ ಇಲ್ಲ. ಗುದದ್ವಾರ ಮುಂದಿದೆಯೆಂದು ಕರುಳು ಅಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ. ಹೊಟ್ಟೆಯ ಕುಹರ ಹಿಂದಕ್ಕೂ ಚಾಚಿದೆ. ಆದ್ದರಿಂದ ಕತ್ತರಿಯನ್ನು ಗುದದ್ವಾರದಿಂದ ಬಾಲದ ಕಡೆಗೆ, ತುದಿ ಮೇಲಕ್ಕೆತ್ತಿ ನಡೆಸಿ.

ಆಹಾರದ ಲೆಕ್ಕ ತಪ್ಪುವುದು ಮುಖ್ಯವಾಗಿ ಬಲೆಯಿಂದ. ಚೀಲದ ತುದಿಯಲ್ಲಿ ಒತ್ತಿಕೊಂಡ ಮೀನು ಪಕ್ಕದ ಸಿಗಡಿಯನ್ನು ಕಚ್ಚಿಬಿಡುತ್ತದೆ. ಅದಕ್ಕೇ ಬಾಯಿ ಮತ್ತು ಅನ್ನನಾಳದಲ್ಲಿ ಸಿಕ್ಕ ತಾಜಾ ತುಂಡುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಠರದಲ್ಲಿ ಅರೆ ಕರಗಿದ್ದು ಮಾತ್ರ ಸೇರಬೇಕು. ಸೂಕ್ಷ್ಮದರ್ಶಕದಡಿ ಉಳಿದು ಕಾಣುವುದು ಸಿಗಡಿಯ ಕಪ್ಪು ಕಣ್ಣು, ದವಡೆ, ಮೀಸೆಯ ಚೂರು. ಮುಖ್ಯ ಆಹಾರ ಸರ್ಜೆಸ್ಟಿಡ್ ಸಿಗಡಿ, ಕ್ರಿಲ್ ಮುಂತಾದ ಚಿಪ್ಪುಜೀವಿಗಳು.

ಮುಚ್ಚದ ಬಾಯಲ್ಲಿ ಸಿಗಡಿ ಹೇಗೆ ಸಿಗುತ್ತದೆ? ಒಂದು ತಲೆಗೂದಲನ್ನು ಕೊಕ್ಕಿನ ಮೇಲೆ ಎಳೆದು ನೋಡಿ. ಗಂಟಲ ಕಡೆಗೆ ಜಾರುತ್ತದೆ, ತುದಿಯ ಕಡೆಗೆ ಎಳೆದರೆ ಸಿಕ್ಕಿಕೊಳ್ಳುತ್ತದೆ. ಅರದಂತೆ ಒತ್ತಾಗಿರುವ ಸಣ್ಣ ಹಲ್ಲುಗಳೆಲ್ಲ ಹಿಂದಕ್ಕೆ ಬಾಗಿವೆ. ಸಿಗಡಿಯ ಉದ್ದ ಮೀಸೆ ಹೀಗೆಯೇ ಸಿಕ್ಕಿಕೊಳ್ಳುತ್ತದೆಂಬ ವಿವರಣೆಯನ್ನು 1970ರಲ್ಲಿ ಸಮುದ್ರಜೀವಿ ವಿಜ್ಞಾನಿಗಳಾದ ಮೀಡ್ ಮತ್ತು ಸಿಲ್ವಿಯಾ ಅರ್ಲ್ ಮುಂದಿಟ್ಟರು. ನನಗೆ ಅದು ಒಪ್ಪಿಗೆ.

ಬಲಿತ ಗಂಡು ಬೇರೆಯೇ ಮೀನಿನಂತೆ ಕಾಣುತ್ತದೆ. ಕೊಕ್ಕು ಗಿಡ್ಡವಾಗಿ, ಹಲ್ಲು ಉದುರಿ, ಮುಂದಿನ ಮೂಗಿನ ಹೊಳ್ಳೆಗಳು ಕೊಳವೆಯಾಗುತ್ತವೆ. ಹಿಂದೆ ಇಂಥವನ್ನು ಅವೊಸೆಟ್ಟಿನಾಪ್ಸ್ ಎಂಬ ಬೇರೆ ಕುಲಕ್ಕೇ ಸೇರಿಸಿದ್ದರು. ಇವುಗಳ ಖಾಲಿ ಹೊಟ್ಟೆಯನ್ನು ಉಳಿದವುಗಳ ಸರಾಸರಿಗೆ ಬೆರೆಸದೆ ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ.

ಕೊನೆಯ ಕೆಲಸ ಕಶೇರುಮಣಿ ಎಣಿಕೆ. 400ರಿಂದ 700ಕ್ಕೂ ಮೇಲೆ ಇರುತ್ತವೆ. ಎಕ್ಸ್‌ರೇ ಚಿತ್ರಗಳು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ತೆಗೆದು, ಪ್ರತಿ 50ಕ್ಕೆ ಗುರುತು ಹಾಕಿಕೊಳ್ಳಿ. ಬಾಲದ ನೂಲು ಮುರಿದಿದ್ದರೆ ಸಿಕ್ಕ ಸಂಖ್ಯೆಯ ಮುಂದೆ ‘ಅಪೂರ್ಣ’ ಎಂದು ಬರೆದು, ಒಟ್ಟು ಉದ್ದದ ಜಾಗ ಖಾಲಿ ಬಿಡಿ.