ಪಾಲಿನಿಂದ ಮೂಲಕ್ಕೆ: ವಿಲಿಯಂ ಮಾರ್ಷಲ್‌ನ ವಂಶವೃಕ್ಷ ಬರೆದ ಬಗೆ

ಹನ್ನೆರಡು-ಹದಿಮೂರನೇ ಶತಮಾನದ ಇಂಗ್ಲಿಷ್ ಸರದಾರ, ವೇಲ್ಸ್‌ನ ಪೆಂಬ್ರೋಕಿನ ಅರ್ಲ್ (ರಾಜನ ಕೆಳಗಿನ ದೊಡ್ಡ ಸಾಮಂತ ಪದವಿ) ವಿಲಿಯಂ ಮಾರ್ಷಲ್‌ನ ವಂಶವೃಕ್ಷವನ್ನು ನಾನು ಶುರುಮಾಡಿದ್ದು ಅವನ ಹುಟ್ಟಿನಿಂದಲ್ಲ, 1245ರ ಡಿಸೆಂಬರಿನಿಂದ. ಆ ತಿಂಗಳು ಅವನ ಐದನೇ ಮಗ ಆನ್ಸೆಲ್ಮ್ ತೀರಿಕೊಂಡ. ಅಣ್ಣಂದಿರು ವಿಲಿಯಂ (1231), ರಿಚರ್ಡ್ (1234), ಗಿಲ್ಬರ್ಟ್ (1241), ವಾಲ್ಟರ್ (1245ರ ನವೆಂಬರ್) ಆಗಲೇ ಹೋಗಿದ್ದರು. ಐವರಲ್ಲಿ ಒಬ್ಬನಿಗೂ ವಾರಸುದಾರರಾಗುವ ಮಕ್ಕಳಿರಲಿಲ್ಲ. ಆಸ್ತಿಯೆಲ್ಲ ಐವರು ಅಕ್ಕತಂಗಿಯರ ಕಡೆ ತಿರುಗಿ, 1247ರಲ್ಲಿ ಪಾಲಾಯಿತು.

ಪಾಲಾಗುವಾಗ ಯಾರು ಯಾರ ಮಗಳು, ಯಾರು ಸತ್ತಿದ್ದಾರೆ, ಅವರ ಮಕ್ಕಳು ಯಾರು ಎಂಬುದೆಲ್ಲ ಬರಹಕ್ಕೆ ಬಂದೇ ಬರುತ್ತದೆ. ಹುಟ್ಟಿಗೆ ಅಂಥ ದಾಖಲೆ ಇಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಬರೆದಿಡುವ ಪದ್ಧತಿ ಬಂದದ್ದೇ 1538ರಲ್ಲಿ. ಮಾರ್ಷಲ್‌ನ ಹುಟ್ಟಿದ ವರ್ಷ 1147ರ ಆಸುಪಾಸು ಎನ್ನುವುದು ಹಿಂದಕ್ಕೆ ಎಣಿಸಿ ಪಡೆದ ಅಂದಾಜು: 1152ರಲ್ಲಿ ನ್ಯೂಬರಿ ಮುತ್ತಿಗೆಯ ವೇಳೆ ರಾಜ ಸ್ಟೀಫನ್ನನ ಕೈಯಲ್ಲಿ ಒತ್ತೆಯಾಗಿದ್ದಾಗ ಇನ್ನೂ ಚಿಕ್ಕ ಹುಡುಗ, 1166-67ರಲ್ಲಿ ನೈಟ್ ಪದವಿ. ಅವನ ಮಗ ಬರೆಸಿದ 19,214 ಸಾಲುಗಳ ಪದ್ಯ ಜೀವನಚರಿತ್ರೆ 1216ರಲ್ಲೇ ಅವನಿಗೆ ಎಂಬತ್ತು ದಾಟಿತ್ತು ಎನ್ನುತ್ತದೆ. ಅದನ್ನು ನಂಬಿದರೆ ಒತ್ತೆಯಾಳಾಗಿದ್ದಾಗ ಅವನಿಗೆ ಹದಿನಾರಾದರೂ ಆಗಿರಬೇಕು. ಅದೇ ಪದ್ಯ ಅಲ್ಲಿ ಅವನನ್ನು ಆಟವಾಡುವ ಮಗುವಾಗಿ ತೋರಿಸುತ್ತದೆ. ಆದ್ದರಿಂದ ವಯಸ್ಸಿನ ವಿಷಯದಲ್ಲಿ ಆ ಪದ್ಯವನ್ನು ನಾನು ಆಧಾರವಾಗಿ ಹಿಡಿಯಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅದರಲ್ಲಿ ತಂದೆತಾಯಿ, ಆದ ಮದುವೆಗಳೆಲ್ಲ, ಸತ್ತ ದಿನ, ಮತ್ತು ಆಸ್ತಿ ಯಾರ ಕಡೆಯಿಂದ ಬಂತು ಎಂಬುದು. ಕೊನೆಯ ಕಾಲಮ್ಮನ್ನು ತುಂಬದೆ ಬಿಟ್ಟರೆ ಇಡೀ ಕೆಲಸ ಕುರುಡಾಗುತ್ತದೆ. ಮಾರ್ಷಲ್ ಕಿರಿಯ ಮಗ, ತಂದೆಯಿಂದ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ರಾಜನ ಆಸ್ಥಾನದ ಮಾರ್ಷಲ್ ಹುದ್ದೆ 1194ರಲ್ಲಿ ಅಣ್ಣ ಜಾನ್ ಸತ್ತ ಮೇಲೆ ಬಂತು. ಚೆಪ್‌ಸ್ಟೋ ಕೋಟೆ ಮತ್ತು ಐರ್ಲೆಂಡಿನ ಲೆನ್‌ಸ್ಟರ್ ಹೆಂಡತಿ ಇಸಾಬೆಲ್ ಡಿ ಕ್ಲೇರಳ ಕಡೆಯವು; 1189ರಲ್ಲಿ ಮದುವೆ. ಅದರಲ್ಲೂ ಚೆಪ್‌ಸ್ಟೋ ಅವಳ ತಂದೆ ‘ಸ್ಟ್ರಾಂಗ್‌ಬೋ’ ರಿಚರ್ಡ್‌ನದು, ಲೆನ್‌ಸ್ಟರ್ ತಾಯಿ ಈಫಾಳ ತವರಿನದು, ಅಂದರೆ ಅಲ್ಲಿನ ರಾಜ ಡರ್ಮಟ್ ಮ್ಯಾಕ್‌ಮರೋನದು. ಅರ್ಲ್ ಪದವಿ 1199ರ ಮೇ 27ರಂದು, ರಾಜ ಜಾನ್ ಪಟ್ಟಕ್ಕೇರಿದ ದಿನ ಸಿಕ್ಕಿತು. ಇದರಿಂದ ಇನ್ನೊಂದು ಉಪಯೋಗವಿದೆ: ತಾರೀಖಿಲ್ಲದ ದಾನಪತ್ರದಲ್ಲಿ ಅವನನ್ನು ಅರ್ಲ್ ಎಂದು ಕರೆದಿದ್ದರೆ ಅದು ಬಹುಮಟ್ಟಿಗೆ ಆ ದಿನಕ್ಕಿಂತ ಹಿಂದಿನದಲ್ಲ.

ಹೆಚ್ಚು ಜನ ಎಡವುವುದು ತಾರೀಖಿನಲ್ಲಿ. ದಾಖಲೆಗಳಲ್ಲಿ ಇಸವಿ ಇರುವುದು ಅಪರೂಪ, ರಾಜನ ಆಳ್ವಿಕೆಯ ಎಷ್ಟನೇ ವರ್ಷ ಎಂದಿರುತ್ತದೆ. ಮೂರನೇ ಹೆನ್ರಿಯ ವರ್ಷ ಅಕ್ಟೋಬರ್ 28ಕ್ಕೆ ಶುರು. ಜನವರಿ 1ರಿಂದ ಅಕ್ಟೋಬರ್ 27ರವರೆಗಿನ ದಿನವಾದರೆ ಆಳ್ವಿಕೆಯ ವರ್ಷಕ್ಕೆ 1216 ಕೂಡಿಸಬೇಕು; ಅಕ್ಟೋಬರ್ 28ರಿಂದ ಡಿಸೆಂಬರ್ 31ರೊಳಗಾದರೆ 1215. ‘30ನೇ ವರ್ಷದ ಡಿಸೆಂಬರ್’ ಎಂದರೆ 1245. ಕಣ್ಣುಮುಚ್ಚಿ 1216 ಕೂಡಿಸಿದರೆ ಆನ್ಸೆಲ್ಮ್ ಒಂದು ವರ್ಷ ಹೆಚ್ಚು ಬದುಕಿಬಿಡುತ್ತಾನೆ.

ರಾಜ ಜಾನ್‌ನ ಕಾಲ ಇನ್ನೂ ತೊಡಕು. ಅವನ ವರ್ಷ ಯೇಸುವಿನ ಸ್ವರ್ಗಾರೋಹಣ ಹಬ್ಬದಿಂದ ಶುರುವಾಗುತ್ತದೆ, ಆ ಹಬ್ಬ ಈಸ್ಟರ್ ಜೊತೆ ಹಿಂದೆ ಮುಂದೆ ಹೋಗುತ್ತದೆ. ಅವನ ಮೂರನೇ ವರ್ಷ 1201ರ ಮೇ 3ರಿಂದ 1202ರ ಮೇ 22ರವರೆಗೆ. ಹಾಗಾಗಿ ಆ ವರ್ಷದಲ್ಲಿ ಮೇ 10 ಎರಡು ಸಲ ಬರುತ್ತದೆ! ಅಂಥ ಪತ್ರದಲ್ಲಿ ರಾಜ ಅಂದು ಯಾವ ಊರಿನಲ್ಲಿದ್ದ, ಸಾಕ್ಷಿ ಹಾಕಿದವರಲ್ಲಿ ಯಾರು ಆಗ ಬದುಕಿದ್ದರು ಎಂದು ನೋಡಿಯೇ ಇಸವಿ ತೀರ್ಮಾನಿಸಬೇಕು. ತೀರ್ಮಾನವಾಗದಿದ್ದರೆ ಎರಡನ್ನೂ ಬರೆದಿಡಬೇಕು.

ಹೆಸರಿನ ಗೊಂದಲಕ್ಕೆ ಒಂದೇ ಮದ್ದು, ಗಂಡನ ಅಥವಾ ತಾಯಿಯ ಹೆಸರು ಸೇರಿಸುವುದು. ಈ ಮನೆಯಲ್ಲಿ ತಾಯಿಯೂ ಇಸಾಬೆಲ್, ಮಗಳೂ ಇಸಾಬೆಲ್. ಆ ಮಗಳ ಮೊದಲ ಗಂಡ ಗ್ಲೋಸ್ಟರಿನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್, ಎರಡನೆಯವನು ಮೂರನೇ ಹೆನ್ರಿಯ ತಮ್ಮ ಕಾರ್ನ್‌ವಾಲಿನ ರಿಚರ್ಡ್. ಎರಡನೇ ಮದುವೆ ಬಿಟ್ಟುಹೋದರೆ ಅವಳ ಮಕ್ಕಳನ್ನು ಇಬ್ಬರು ಬೇರೆ ಹೆಂಗಸರಿಗೆ ಹಂಚಿಬಿಡುವ ಅಪಾಯವಿದೆ.

ಹಣದ ಲೆಕ್ಕದಲ್ಲಿ ‘ಮಾರ್ಕ್’ ಎಂದು ಕಂಡಲ್ಲಿ ಮೂರನೇ ಎರಡು ಪೌಂಡ್ ಎಂದು ಓದಿಕೊಂಡರೆ ಸಾಕು: 160 ಪೆನ್ನಿ. ಪೌಂಡಿಗೆ 240.

ಇನ್ನು ವಿಧವೆಯರು. ಗಂಡ ಸತ್ತರೆ ಅವನ ಜಮೀನಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲನ್ನು ಹೆಂಡತಿ ಬದುಕಿರುವವರೆಗೆ ಅನುಭವಿಸುತ್ತಾಳೆ, ಮತ್ತೆ ಮದುವೆಯಾದರೂ ಹಕ್ಕು ಹೋಗದು. ಹಿರಿಯ ಮಗ ವಿಲಿಯಂನ ಹೆಂಡತಿ ಎಲಿನಾರ್ ರಾಜ ಜಾನ್‌ನ ಮಗಳು. 1231ರಲ್ಲಿ ವಿಧವೆಯಾದಳು, 1238ರಲ್ಲಿ ಸೈಮನ್ ಡಿ ಮಾಂಟ್‌ಫರ್ಟ್‌ನನ್ನು ಮದುವೆಯಾದಳು, 1275ರವರೆಗೆ ಬದುಕಿದಳು. ಐರ್ಲೆಂಡ್ ಮತ್ತು ವೇಲ್ಸ್‌ನ ಜಮೀನಿಗೆ ಬದಲಾಗಿ ಅವಳಿಗೆ ವರ್ಷಕ್ಕೆ 400 ಪೌಂಡ್ ಗೊತ್ತಾಗಿತ್ತು. ಅದು ತೀರಾ ಕಡಿಮೆಯೆಂದು ಗಂಡಹೆಂಡತಿ ವರ್ಷಗಟ್ಟಲೆ ವ್ಯಾಜ್ಯ ನಡೆಸಿದರು. ವಾಲ್ಟರನ ವಿಧವೆ ಮಾರ್ಗರೆಟ್ ಡಿ ಕ್ವಿನ್ಸಿಯ ಪಾಲು ಬೇರೆ. ಈ ಹಕ್ಕುಗಳನ್ನು ಮೊದಲೇ ಗುರುತಿಸದಿದ್ದರೆ ಹೆಣ್ಣುಮಕ್ಕಳ ಐದು ಪಾಲಿನ ಆದಾಯ ಎಂದಿಗೂ ತಾಳೆಯಾಗುವುದಿಲ್ಲ.

ಕೊನೆಯ ಪರೀಕ್ಷೆ ಭಿನ್ನರಾಶಿಯದು: ಐವರು ಹೆಣ್ಣುಮಕ್ಕಳ ಕಡೆಗೂ ತಲಾ ಐದನೇ ಒಂದು ಪಾಲು. ಕೆಳಗೆ ಲೆನ್‌ಸ್ಟರಿನ ಮುಖ್ಯ ಕೇಂದ್ರಗಳನ್ನಷ್ಟೇ ಹೇಳುತ್ತೇನೆ. ಹಿರಿಯಳು ಮಾಡ್‌ಗೆ ಕಾರ್ಲೋ. 1247ರ ಹೊತ್ತಿಗೆ ಐವರಲ್ಲಿ ಬದುಕಿದ್ದವಳು ಅವಳೊಬ್ಬಳೇ. ಒಡೆದು ಹಂಚಲಾಗದ ಮಾರ್ಷಲ್ ಹುದ್ದೆಯೂ ಅವಳಿಗೇ ಬಂದು, ಮಗ ರೋಜರ್ ಬೈಗಾಡ್‌ಗೆ ದಾಟಿತು. ಇಸಾಬೆಲಳ ಮಗನಿಗೆ ಕಿಲ್ಕೆನಿ. ಜೋನಳ ಕಡೆಗೆ ವೆಕ್ಸ್‌ಫರ್ಡ್. ಅವಳ ಮಗಳನ್ನು ಮದುವೆಯಾದ ವಿಲಿಯಂ ಡಿ ವಾಲೆನ್ಸ್‌ಗೆ ಪೆಂಬ್ರೋಕ್ ಹೋಯಿತು. ಸಿಬಿಲ್‌ಗೆ ಕಿಲ್ಡೇರ್, ಆದರೆ ಅವಳಿಗೆ ಏಳು ಹೆಣ್ಣುಮಕ್ಕಳು, ಒಬ್ಬೊಬ್ಬಳಿಗೆ ಮೂಲ ಆಸ್ತಿಯ 35ನೇ ಒಂದು ಪಾಲು. ಈವಾಗೆ ಡನಮೇಸ್. ಅವಳಿಗಿದ್ದ ನಾಲ್ವರು ಹೆಣ್ಣುಮಕ್ಕಳಲ್ಲಿ ವೇಲ್ಸ್ ರಾಜಕುವರ ಡಾವಿಡ್‌ನ ಹೆಂಡತಿ ಇಸಾಬೆಲ್ಲಾಗೆ ಮಕ್ಕಳಾಗಲಿಲ್ಲ. ಆದ್ದರಿಂದ ಆ ಪಾಲು ಮುಂದೆ ಸಾಗಿದ್ದು ಮಾರ್ಟಿಮರ್, ಕ್ಯಾಂಟಿಲೂಪ್, ಬೋಹುನ್ ಮನೆಗಳ ಮೂವರು ಸೊಸೆಯರ ಮೂಲಕ, ತಲಾ 15ನೇ ಒಂದು. ನಾಲ್ಕರಿಂದ ಭಾಗಿಸಿ 20ನೇ ಒಂದು ಎಂದು ಬರೆದರೂ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊತ್ತ ನೋಡಿದ ಮೇಲೂ ಒಂದೊಂದು ಜಮೀನು ಮುಂದಿನ ತಲೆಮಾರಿನಲ್ಲಿ ಯಾರ ಕೈಯಲ್ಲಿತ್ತು ಎಂದು ಹುಡುಕುವುದು ಇದಕ್ಕಾಗಿಯೇ.