ಚಳಿಗಾಲದಲ್ಲಿ ಪೋನಿ, ಕತ್ತೆ ನೋಡಲು ನ್ಯೂ ಫಾರೆಸ್ಟ್‌ಗೆ ಹೊರಟ ಹೊಸಬರಿಗೆ

ಸೌತಾಂಪ್ಟನ್, ಬೇಸಿಂಗ್‌ಸ್ಟೋಕ್ ಕಡೆ ಹೊಸದಾಗಿ ಬಂದ ಮನೆಗಳಿಂದ ನವೆಂಬರ್ ಬಂತೆಂದರೆ ನಮ್ಮ ಸಂಘಕ್ಕೆ ಫೋನ್ ಶುರುವಾಗುತ್ತದೆ. "ಮಕ್ಕಳು ಮನೆಯಲ್ಲೇ ಕೂತು ಬೇಜಾರು ಮಾಡ್ಕೊಂಡಿದಾರೆ, ಮಳೆ ನಿಲ್ಲೋದೇ ಇಲ್ಲ, ಎಲ್ಲಿಗೆ ಕರ್ಕೊಂಡು ಹೋಗೋದು?" ಮಳೆ ನಿಲ್ಲಲಿ ಅಂತ ಕಾದರೆ ಏಪ್ರಿಲ್ ಬರುತ್ತದೆ. ಜಿನುಗುವ ಮಳೆಯಲ್ಲೇ ಹೊರಡಿ. ನ್ಯೂ ಫಾರೆಸ್ಟ್‌ಗೆ ಟಿಕೆಟ್ ಇಲ್ಲ, ಗೇಟ್ ಇಲ್ಲ; ಅದು ದಕ್ಷಿಣ ಇಂಗ್ಲೆಂಡಿನ ಕಾಡು, ಬಯಲು ಸೇರಿದ ತೆರೆದ ಜಾಗ. ಎಂ27 ಹೆದ್ದಾರಿಯ 1ನೇ ಜಂಕ್ಷನ್‌ನಲ್ಲಿ ಇಳಿದು ಸ್ವಲ್ಪ ಮುಂದೆ ಹೋದರೆ ಚಕ್ರದ ಕೆಳಗೆ ಕಬ್ಬಿಣದ ಸರಳುಗಳು ಗಡಗಡ ಅನ್ನುತ್ತವೆ. ಅದು ಕ್ಯಾಟಲ್ ಗ್ರಿಡ್, ದನ ಕುದುರೆ ದಾಟಿ ಹೊರಗೆ ಹೋಗದಿರಲಿ ಅಂತ ಹಾಕಿದ್ದು. ಅದನ್ನು ದಾಟಿದಿರಿ ಅಂದರೆ ಎಷ್ಟೋ ಕಡೆ ರಸ್ತೆಗೆ ಬೇಲಿ ಇರುವುದಿಲ್ಲ. ಪೋನಿ (ಗಿಡ್ಡ ತಳಿಯ ಕುದುರೆ), ಕತ್ತೆ, ದನ ಯಾವಾಗ ಬೇಕಾದರೂ ಎದುರಿಗೆ ಬರಬಹುದು.

ಮಕ್ಕಳಿಗೆ ಹೊರಡುವ ಮೊದಲೇ ಹೇಳಿಬಿಡಿ: ಇದು ಝೂ ಅಲ್ಲ.

ಅವು ಯಾರವು?

ಹೊಸಬರು ಎಲ್ಲರೂ "ಕಾಡು ಕುದುರೆ" ಅನ್ನುತ್ತಾರೆ. ಅಲ್ಲ. ಒಂದೊಂದು ಪೋನಿಗೂ ಒಬ್ಬ ಯಜಮಾನ ಇದ್ದಾನೆ. ನಮ್ಮ ಊರಿನ ಗೋಮಾಳ ನೆನಪಿದೆ ಅಲ್ವಾ? ಅದೇ ಥರ. 1079ರ ಸುಮಾರಿಗೆ ಒಂದನೇ ವಿಲಿಯಂ ರಾಜ ಈ ಜಾಗವನ್ನು ತನ್ನ ಬೇಟೆಗೆಂದು ಮೀಸಲಿಟ್ಟ. ಇಲ್ಲಿ ದನ ಕುದುರೆ ಮೇಯಿಸುವ ಹಕ್ಕು ಮಾತ್ರ ಸುತ್ತಲಿನ ಕೆಲವು ಮನೆ, ಜಮೀನುಗಳಿಗೆ ಉಳಿದುಕೊಂಡು ಬಂತು. ಆ ಹಕ್ಕಿರುವವರನ್ನು ಕಾಮನರ್ ಅನ್ನುತ್ತಾರೆ. ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿ ಮೇಯಲು ಬಿಡುತ್ತಾರೆ. ಪೋನಿಯ ಮೈ ಮೇಲೆ ಯಜಮಾನನ ಮುದ್ರೆ ಇರುತ್ತದೆ. ಬಾಲದ ಕೂದಲನ್ನೂ ಗಮನಿಸಿ, ಕೆಲವದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರೆ. ಈ ಪ್ರಾಣಿಗಳ ಮೇಲೆ ಕಣ್ಣಿಡುವವರು ಅಜಿಸ್ಟರ್‌ಗಳು. ಒಬ್ಬೊಬ್ಬ ಅಜಿಸ್ಟರ್‌ನ ಸರಹದ್ದಿಗೆ ಒಂದೊಂದು ಬಗೆಯ ಕತ್ತರಿ. ಶುಲ್ಕ ಕಟ್ಟಿದ್ದಕ್ಕೂ ಅದೇ ಗುರುತು. ಲಿಂಡ್‌ಹರ್ಸ್ಟ್‌ನಲ್ಲಿ ಇವತ್ತಿಗೂ ವರ್ಡರರ್‌ಗಳ ಕೋರ್ಟ್ ಸೇರುತ್ತದೆ, ಈ ಗೋಮಾಳದ ವ್ಯವಹಾರ ನೋಡುವುದಕ್ಕೆಂದೇ. ನಮ್ಮಲ್ಲಿ ಗೋಮಾಳಗಳು ಎಲ್ಲಿ ಹೋದವು ಅಂತ ನಿಮಗೂ ಗೊತ್ತು. ಇಲ್ಲಿ ಉಳಿಸಿಕೊಂಡಿದ್ದಾರೆ. ನನಗೆ ಇದನ್ನು ನೋಡಿದಾಗಲೆಲ್ಲ ಗೌರವ ಬರುತ್ತದೆ.

"ಅಯ್ಯೋ ಪಾಪ, ಮಳೆಯಲ್ಲಿ ನೆನೀತಿವೆ, ಕೊಟ್ಟಿಗೆ ಇಲ್ವಾ?" ಅಂತಲೂ ಕೇಳುತ್ತಾರೆ. ಪೋನಿಗೆ ಚಳಿಗಾಲಕ್ಕೆ ದಪ್ಪ ಕೂದಲು ಬರುತ್ತದೆ. ಮೇಲಿನ ಕೂದಲಿನ ಮೇಲೆ ನೀರು ಜಾರಿಹೋಗುತ್ತದೆ, ಒಳಗೆ ಬೆಚ್ಚಗಿರುತ್ತದೆ. ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ ನಿಂತಿದ್ದರೆ ಕಾಯಿಲೆ ಅಲ್ಲ, ಅದು ಅವುಗಳ ರೂಢಿ. ಕತ್ತೆಯ ಕೂದಲು ಅಷ್ಟು ನೀರು ತಡೆಯುವುದಿಲ್ಲ. ಅದಕ್ಕೇ ಮಳೆ ಬಂದರೆ ಮರದ ಕೆಳಗೆ, ಗೋಡೆ ಪಕ್ಕ, ಕೆಲವು ಸಲ ಅಂಗಡಿ ಮುಂದೆ ಬಂದು ನಿಲ್ಲುತ್ತವೆ. ಅಲ್ಲಿಂದ ಓಡಿಸಬೇಡಿ.

ತಿನ್ನಲು ಕೊಡಬೇಡಿ, ಮುಟ್ಟಬೇಡಿ

ಇದನ್ನು ದಯವಿಟ್ಟು ಪೂರ್ತಿ ಓದಿ.

ನಮ್ಮ ಮೊದಲ ಜನವರಿ. ಬಯಲಿನ ಪಕ್ಕದ ಕಾರ್ ಪಾರ್ಕ್‌ನಲ್ಲಿ ನಿಲ್ಲಿಸಿದ್ದೆವು. ಒಂದು ಕಂದು ಪೋನಿ ನಿಧಾನವಾಗಿ ಬಂದು ನನ್ನ ಕಿಟಕಿ ಹತ್ತಿರ ನಿಂತಿತು. ರೆಪ್ಪೆಯ ತುದಿಯಲ್ಲಿ ಮಳೆ ಹನಿ. ಮೇಲ್ತುಟಿಯ ಮೇಲೆ ಒರಟು ಮೀಸೆ, ಅದಕ್ಕೂ ಸಣ್ಣ ಸಣ್ಣ ಹನಿ ಅಂಟಿತ್ತು. ಉಸಿರು ಬಿಟ್ಟಾಗಲೆಲ್ಲ ಗಾಜು ಮಂಜಾಗುತ್ತಿತ್ತು. ನಾನು ಕಿಟಕಿ ಇಳಿಸಿದೆ. ಡಬ್ಬಿ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟೆ. ಬಾಗಿಲಿಗೆ ಬಂದ ಹಸುವಿಗೆ ಅಮ್ಮ ಕೊಡುತ್ತಿದ್ದ ಹಾಗೇ ಕೊಟ್ಟು, ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಎರಡು ನಿಮಿಷದಲ್ಲಿ ಇನ್ನೂ ನಾಲ್ಕು ಬಂದವು. ಒಂದನ್ನೊಂದು ಕಚ್ಚಿ ತಳ್ಳಾಡಿದವು. ಹಿಂದಿನ ಕಿಟಕಿಯಿಂದ ಒಂದು ಕುತ್ತಿಗೆ ಒಳಗೇ ಬಂತು. ನನ್ನ ಮಗಳ ಕೈಯಲ್ಲಿ ಬಿಸ್ಕತ್ತು ಇತ್ತು. ಬಿಸ್ಕತ್ತಿನ ಜೊತೆ ಅವಳ ಹೆಬ್ಬೆರಳೂ ಹಲ್ಲಿಗೆ ಸಿಕ್ಕಿತು. ಉಗುರು ಕಪ್ಪಾಗಿ ಉದುರಿತು. ಆಗ ಅವಳಿಗೆ ಐದು ವರ್ಷ.

ದೂರದಲ್ಲಿ ಹುಲ್ಲಿನ ಗಾಡಿ ನಿಲ್ಲಿಸಿಕೊಂಡಿದ್ದ ಹೆಂಗಸು ಓಡಿ ಬಂದರು. ಆ ಪೋನಿಗಳಲ್ಲಿ ಎರಡು ಅವರವೇ. ಬೈಯಲಿಲ್ಲ. ಮೊದಲು ಮಗುವಿನ ಕೈ ನೋಡಿದರು, ಆಮೇಲೆ ಹೇಳಿದರು: ಕಾರು ಅಂದರೆ ತಿಂಡಿ ಅಂತ ಕಲಿತ ಪೋನಿ ರಸ್ತೆ ಪಕ್ಕ ಬಿಟ್ಟು ಹೋಗುವುದೇ ಇಲ್ಲ, ಒಂದು ದಿನ ಯಾವುದೋ ಕಾರಿನ ಕೆಳಗೆ ಬೀಳುತ್ತದೆ. ಅವರ ಒಂದು ಹೆಣ್ಣು ಪೋನಿ ಹಾಗೇ ಹೋಗಿತ್ತಂತೆ. ನಾನು ಪುಣ್ಯ ಅಂದುಕೊಂಡು ಮಾಡಿದ್ದು ಅವರ ಮನೆಗೆ ನಷ್ಟ.

ಇನ್ನೊಂದು ವಿಷಯ. ಕುದುರೆ ಜಾತಿಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಗೆ ಆಗದ್ದು ಹೋದರೆ ಉಬ್ಬರಿಸಿ, ನರಳಿ ಸಾಯಬಹುದು. ಬ್ರೆಡ್, ಚಪಾತಿ, ಅನ್ನ, ಕ್ಯಾರೆಟ್, ಸೇಬು, ಪ್ರಸಾದ, ಯಾವುದೂ ಬೇಡ. ಚಳಿಗಾಲದಲ್ಲಿ ಅವು ಗೋರ್ಸ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಚಿಗುರು, ಹಾಲಿ (holly) ಎಂಬ ಮುಳ್ಳೆಲೆ ಗಿಡದ ಎಲೆ ತಿಂದು ಇರುತ್ತವೆ. ಅಷ್ಟು ಸಾಕು ಅವಕ್ಕೆ.

2023ರ ಜುಲೈಯಿಂದ ತಿನ್ನಿಸುವುದಕ್ಕೂ ಮುಟ್ಟಿ ಸವರುವುದಕ್ಕೂ ಕಾನೂನಿನ ತಡೆ ಇದೆ, 100 ಪೌಂಡ್ ದಂಡ ಬೀಳಬಹುದು. ದಂಡಕ್ಕೆ ಹೆದರಿ ಸುಮ್ಮನಿರಿ ಅಂತ ಹೇಳುತ್ತಿಲ್ಲ. ಅಜ್ಜಿ ತಾತ ಊರಿಂದ ಬಂದಿದ್ದರೆ ಕಾರಿನಲ್ಲೇ ಅವರಿಗೆ ಬಿಡಿಸಿ ಹೇಳಿ. ಅವರ ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ. ಮಗುವನ್ನು ಪೋನಿ ಪಕ್ಕ ನಿಲ್ಲಿಸಿ ಫೋಟೋ ತೆಗೆಯಬೇಡಿ, ಹಿಂಗಾಲಿನ ಕಡೆಗಂತೂ ಹೋಗಲೇಬೇಡಿ.

ಕತ್ತಲಾಗುವ ಮೊದಲು ಹೊರಡಿ

ನಮ್ಮವರಿಗೆ ಇದೊಂದು ಹೇಳಿ ಹೇಳಿ ಸಾಕಾಗಿದೆ. ಭಾನುವಾರ ದೋಸೆ ತಿಂದು, ಡಬ್ಬಿ ಕಟ್ಟಿ, ಎಲ್ಲರ ಸ್ನಾನ ಮುಗಿಸಿ ಹನ್ನೆರಡೂವರೆಗೆ ಮನೆ ಬಿಡುತ್ತೀರಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಸೂರ್ಯ ಮುಳುಗುತ್ತಾನೆ, ಮೋಡ ಇದ್ದರೆ ಮೂರೂವರೆಗೇ ಮಬ್ಬು. ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ. ಮೂರಕ್ಕೆ ವಾಪಸ್ ತಿರುಗಿ.

ಬೇಲಿ ಇಲ್ಲದ ರಸ್ತೆಗಳಲ್ಲಿ ಮಿತಿ ಗಂಟೆಗೆ 40 ಮೈಲಿ. ಆ ವೇಗದಲ್ಲಿ ಒಣ ರಸ್ತೆಯಲ್ಲೇ ಕಾರು ನಿಲ್ಲಲು 36 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಅದರ ಎರಡರಷ್ಟು. ಮಂಜಿನಲ್ಲಿ ಅಷ್ಟು ದೂರ ಕಣ್ಣಿಗೇ ಕಾಣುವುದಿಲ್ಲ. ಬೋರ್ಡ್‌ನಲ್ಲಿ 40 ಇದ್ದರೆ 40ರಲ್ಲೇ ಹೋಗಬೇಕು ಅಂತೇನಿಲ್ಲ, 25ರಲ್ಲಿ ಹೋಗಿ. ಹಿಂದಿನವನು ಅಂಟಿಕೊಂಡು ಬಂದರೆ ಬರಲಿ.

ನಮ್ಮ ಎರಡನೇ ಚಳಿಗಾಲ, ಸಂಜೆ ಐದರ ಹತ್ತಿರ. ಬ್ಯೂಲಿ ಬಯಲಿನ ಮೇಲೆ ಬರುತ್ತಿದ್ದೆವು, ಗಂಡ ಓಡಿಸುತ್ತಿದ್ದರು. ರಸ್ತೆ ನಡುವೆ ಒಂದು ಬೂದು ಕತ್ತೆ. ಬೂದು ಮಂಜು, ಬೂದು ಮೈ. ಕುದುರೆ ಬೆದರಿದರೆ ಓಡುತ್ತದೆ, ಕತ್ತೆ ಸಾಮಾನ್ಯವಾಗಿ ನಿಂತಲ್ಲೇ ನಿಂತುಬಿಡುತ್ತದೆ. ಕಾರು ಅದರ ಮುಂದೆ ಒಂದು ಮಾರು ದೂರದಲ್ಲಿ ನಿಂತಿತು. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ನನ್ನ ಕೈ ನಡುಕ ಮನೆ ತಲುಪಿದರೂ ನಿಂತಿರಲಿಲ್ಲ. ಪ್ರತಿ ವರ್ಷ ಹತ್ತಾರು ಪ್ರಾಣಿಗಳು ಇಲ್ಲಿನ ರಸ್ತೆಗಳಲ್ಲಿ ಸಾಯುತ್ತವೆ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದೆ ಹಾಕಿದ ಮೇಲಿನ ಸಂಜೆಗಳು ತುಂಬಾ ಕೆಟ್ಟವು. ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅದನ್ನು ನೆಕ್ಕಲು ಪೋನಿಗಳು ರಸ್ತೆಗೇ ಬರುತ್ತವೆ. ಒಂದು ದಾಟಿತು ಅಂದರೆ ಹಿಂದೆ ಮರಿಯೋ ಜೊತೆಯದೋ ಇರುತ್ತದೆ, ಕಾಯಿರಿ. ಹಾರ್ನ್ ಬೇಡವೇ ಬೇಡ. ಯಾರಾದರೂ ಕುದುರೆ ಸವಾರಿ ಮಾಡಿಕೊಂಡು ಹೋಗುತ್ತಿದ್ದರೆ ಗಂಟೆಗೆ 10 ಮೈಲಿಗಿಂತ ಕಡಿಮೆ, ಪಕ್ಕಕ್ಕೆ ಕನಿಷ್ಠ 2 ಮೀಟರ್ ಜಾಗ ಬಿಟ್ಟು ದಾಟಿ.

ಒಂದು ವೇಳೆ ಗುದ್ದಿಬಿಟ್ಟರೆ ನಿಲ್ಲಿಸಿ. ಜನ ಸೇರುತ್ತಾರೆ, ಗಲಾಟೆ ಆಗುತ್ತದೆ ಅಂತ ಹೊರಟುಬಿಡುವ ಅಭ್ಯಾಸ ಕೆಲವರಿಗೆ ಊರಿಂದಲೇ ಬಂದಿರುತ್ತದೆ. ಇಲ್ಲಿ ಅದು ಅಪರಾಧ. ಹಜಾರ್ಡ್ ಲೈಟ್ ಹಾಕಿ, ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಜಾಗ ಸರಿಯಾಗಿ ಹೇಳಿ. ಬಿದ್ದ ಪ್ರಾಣಿಯ ಹತ್ತಿರ ಹೋಗಬೇಡಿ, ಹೆದರಿ ಒದೆಯುತ್ತದೆ. ಯಾರಾದರೂ ಬರುವವರೆಗೂ ಅಲ್ಲೇ ಇರಿ. ಬೇಗ ಗೊತ್ತಾದರೆ ಅದರ ನೋವು ಅಷ್ಟು ಹೊತ್ತು ಕಡಿಮೆ.

ಊರಿನ ಲೈಸೆನ್ಸ್‌ನಲ್ಲಿ ಇಲ್ಲಿ ನೆಲೆಸಿದ 12 ತಿಂಗಳವರೆಗೆ ಮಾತ್ರ ಓಡಿಸಬಹುದು. ಇನ್ಶೂರೆನ್ಸ್‌ನಲ್ಲಿ ಓಡಿಸುವವರ ಹೆಸರು ಇರಲೇಬೇಕು. ಕಿಟಕಿ ಮಂಜಾದರೆ ಬಟ್ಟೆಯಿಂದ ಒರೆಸುತ್ತಾ ಓಡಿಸಬೇಡಿ, ಹೀಟರ್ ಜೊತೆ ಎ.ಸಿ.ಯನ್ನೂ ಹಾಕಿ.

ಎಲ್ಲಿ ಕಾಣುತ್ತವೆ

ಕತ್ತೆಗೆ ಬ್ಯೂಲಿ. ಬೋರ್ಡ್‌ನಲ್ಲಿ Beaulieu ಅಂತ ಅಕ್ಷರ ಜಾಸ್ತಿ ಇರುತ್ತದೆ, ಹೇಳುವುದು ಬ್ಯೂಲಿ ಅಂತಲೇ. ಊರೊಳಗೇ ಓಡಾಡಿಕೊಂಡಿರುತ್ತವೆ. ಅಲ್ಲಿಂದ ಸ್ವಲ್ಪ ದೂರದ ಹ್ಯಾಚೆಟ್ ಪಾಂಡ್ ಕೆರೆ ದಡದಲ್ಲಿ ಪೋನಿಗಳೂ ಸಿಗುತ್ತವೆ. ಬರ್ಲಿ, ಬ್ರಾಕನ್‌ಹರ್ಸ್ಟ್ ಎರಡೂ ಒಳ್ಳೆಯವು. ಬ್ರಾಕನ್‌ಹರ್ಸ್ಟ್‌ನಲ್ಲಿ ರಸ್ತೆಗೆ ಅಡ್ಡಲಾಗಿ ಹಳ್ಳ ಹರಿಯುತ್ತದೆ, ಜೋರು ಮಳೆಯಾದ ಮರುದಿನ ಕಾರು ಇಳಿಸಬೇಡಿ. ಜಿಂಕೆ ನೋಡಬೇಕಾದರೆ ಬೋಲ್ಡರ್‌ವುಡ್. ಕಾರು ಇಲ್ಲದವರು ಸೌತಾಂಪ್ಟನ್‌ನಿಂದ ಬ್ರಾಕನ್‌ಹರ್ಸ್ಟ್‌ಗೆ ರೈಲಿನಲ್ಲಿ ಹೋಗಬಹುದು.

ಹುಲ್ಲಿನ ಅಂಚಿನ ಮೇಲೆ ಕಾರು ಹತ್ತಿಸಬೇಡಿ, ಅದು ಅವುಗಳ ಮೇವು. ಹಚ್ಚ ಹಸಿರಾಗಿ ಮೆತ್ತಗೆ ಕಾಣುವ ಜಾಗ ಹುಲ್ಲುಗಾವಲಲ್ಲ, ಜೌಗು. ಮಕ್ಕಳ ಕೈ ಹಿಡಿದುಕೊಳ್ಳಿ.

ಜೊತೆಗಿರಲಿ

- ಗಮ್‌ಬೂಟು, ಎಲ್ಲರಿಗೂ
- ಎರಡು ಜೊತೆ ಕಾಲುಚೀಲ
- ಮಕ್ಕಳಿಗೆ ಇನ್ನೊಂದು ಪ್ಯಾಂಟು
- ಟಾರ್ಚ್, ಫೋನ್ ಚಾರ್ಜರ್
- ಫ್ಲಾಸ್ಕ್‌ನಲ್ಲಿ ಕಾಫಿ
- ಪುಳಿಯೋಗರೆ, ಮೊಸರನ್ನ. ಕಾರೊಳಗೆ ಕೂತು, ಕಿಟಕಿ ಮುಚ್ಚಿಕೊಂಡು ತಿನ್ನಿ. ಬಾರ್ಬೆಕ್ಯೂಗೂ ನಿಷೇಧ ಇದೆ
- ಕಸಕ್ಕೆ ಚೀಲ. ಹೋದ ಸಲ ನಮ್ಮ ಸಂಘದಿಂದ ಆರು ಕಾರು ಹೋಗಿದ್ದೆವು, ಒಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಟ್ಟು ಬರಲಿಲ್ಲ

ಮೊದಲ ಸಲ ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಸಂಘಕ್ಕೆ ಹೇಳಿ. ಮೂರೋ ನಾಲ್ಕೋ ಮನೆ ಸೇರಿದರೆ ನಮ್ಮಲ್ಲಿ ಯಾರಾದರೊಬ್ಬರು ಮುಂದಿನ ಕಾರಿನಲ್ಲಿ ಇರುತ್ತೇವೆ. ಒಂಬತ್ತು ಅಂದರೆ ಒಂಬತ್ತಕ್ಕೇ ಹೊರಡುತ್ತೇವೆ.