ರೀಬೂಟ್ ಬೇಡ, ಹಳೇ ಎಂಟ್ರಿ ಅಳಿಸಿ

ಪರಿಚಯದ ಒಂದು ಆಫೀಸಿನಲ್ಲಿ ಹಳೇ ಪಿಸಿಗೆ ಲಿನಕ್ಸ್ ಹಾಕಿ ಅದನ್ನೇ ರೂಟರ್ ಮಾಡಿಕೊಂಡಿದ್ದಾರೆ. ಇಂಟರ್ನೆಟ್ ಲೈನು ಎರಡು. ಒಂದು ಕೈಕೊಟ್ಟರೆ ಪಿಸಿ ತಾನಾಗಿ ಇನ್ನೊಂದಕ್ಕೆ ಬದಲಾಗುತ್ತದೆ. ಆಗ ಬ್ರೌಸರ್ ಚೆನ್ನಾಗೇ ಓಡುತ್ತದೆ, ಮೇಜಿನ ಮೇಲಿನ ಐಪಿ ಫೋನು ಮಾತ್ರ ಮೂಕ. ಫೋನಿನ ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಾರೆ, ಊಹೂಂ. ಕೊನೆಗೆ ಪಿಸಿಯನ್ನೇ ರೀಬೂಟ್ ಮಾಡಿ ಎಲ್ಲರ ಕೆಲಸವನ್ನೂ ನಿಲ್ಲಿಸುತ್ತಾರೆ. ಒಂದು ಸಾಲಿನ ಕಮಾಂಡಿನಲ್ಲಿ ಮುಗಿಯುವ ಕೆಲಸ ಅದು.

ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ ಕಾನ್‌ಟ್ರ್ಯಾಕ್ ಅನ್ನುವ ಪಟ್ಟಿ ಇರುತ್ತದೆ. ಲಾಡ್ಜಿನ ರಿಜಿಸ್ಟರ್ ಇದ್ದ ಹಾಗೆ. ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ, ಹೊರಗೆ ಹೋಗುವಾಗ ಯಾವ ವಿಳಾಸ ಹಾಕಿಕೊಂಡರು, ಇನ್ನೆಷ್ಟು ಸೆಕೆಂಡು ಬಾಕಿ, ಎಲ್ಲ ಅದರಲ್ಲಿ. ಬೀಗದ ಕೈ ಕೊಡದೆ ಹಿಂಬಾಗಿಲಿಂದ ಹೋದವರ ಹೆಸರೂ ಉಳಿದಿರುತ್ತದೆ.

ಹೆಜ್ಜೆ 1: ಕಾನ್‌ಟ್ರ್ಯಾಕ್ ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.) ಅಗ್ಗದ ರೂಟರ್ ಡಬ್ಬಿಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿ ರೀಬೂಟ್ ಬಟನ್ನೇ ಗತಿ.

ಹೆಜ್ಜೆ 2: ಕಾನ್‌ಟ್ರ್ಯಾಕ್ ಕಮಾಂಡಿಗೆ ದೊಡ್ಡಕ್ಷರದ ಎಲ್ ಕೊಟ್ಟು ಪಟ್ಟಿ ನೋಡಿ, ದೊಡ್ಡಕ್ಷರದ ಸಿ ಕೊಟ್ಟರೆ ಎಣಿಕೆ. ಕರ್ನಲ್ ಲಾಗಿನಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಅಂತ ಬರುತ್ತಿದ್ದರೆ ರಿಜಿಸ್ಟರ್ ಭರ್ತಿ ಆಗಿದೆ ಅಂತ. ಆಗ ಸುಮ್ನೆ ಪಟ್ಟಿಯ ಗರಿಷ್ಠ ಮಿತಿ ಏರಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಕಸ ಗುಡಿಸದೆ ಮನೆ ದೊಡ್ಡದು ಮಾಡಿದ ಹಾಗೆ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ, ನಿಧಾನಕ್ಕೆ ಓದಿ.

ಒಳಗಿನ ವಿಳಾಸದ ಬದಲು ಹೊರಗಿನ ಲೈನಿನ ವಿಳಾಸ ಹಾಕುವುದೇ ನ್ಯಾಟ್. ಅದರ ನಿಯಮವನ್ನು ಕರ್ನಲ್ ನೋಡುವುದು ಕನೆಕ್ಷನ್ನಿನ ಮೊದಲ ಪ್ಯಾಕೆಟ್ ಬಂದಾಗ ಮಾತ್ರ. ಆಮೇಲೆ ಬಂದದ್ದಕ್ಕೆಲ್ಲ ಪಟ್ಟಿಯಲ್ಲಿ ಬರೆದದ್ದೇ ಶಾಸನ. ಹಾಗಾಗಿ ಲೈನು ಬದಲಾದರೂ ಫೋನಿನ ಪ್ಯಾಕೆಟ್ಟುಗಳು ಹಳೇ ಲೈನಿನ ವಿಳಾಸ ಹೊತ್ತುಕೊಂಡೇ ಹೊಸ ಲೈನಿನಲ್ಲಿ ಹೋಗುತ್ತವೆ. ಉತ್ತರ ವಾಪಸ್ ಬರುವುದೆಲ್ಲಿಂದ?

ಎಂಟ್ರಿ ತಾನಾಗಿ ಸಾಯಬೇಕಲ್ವಾ ಅಂತ ಕೇಳಬಹುದು. ಫೋನು ಇಲ್ಲಿ ಬಳಸುವುದು ಯುಡಿಪಿ, ಅಂದರೆ ಮೊದಲು ಕನೆಕ್ಷನ್ ಕಟ್ಟದೆ ಪ್ಯಾಕೆಟ್ ಕಳಿಸುವ ವಿಧಾನ. ಎರಡೂ ಕಡೆ ಮಾತು ನಡೆದಿರುವ ಯುಡಿಪಿ ಎಂಟ್ರಿಗೆ ಈಗಿನ ಕರ್ನಲ್‌ಗಳಲ್ಲಿ 120 ಸೆಕೆಂಡು ಆಯಸ್ಸು. ಆದರೆ ಪ್ರತಿ ಪ್ಯಾಕೆಟ್ಟಿಗೂ ಗಡಿಯಾರ ಮತ್ತೆ ಮೊದಲಿಂದ ಶುರು. ಫೋನು ಅರ್ಧ ನಿಮಿಷಕ್ಕೊಮ್ಮೆ ‘ಇದ್ದೀನಿ, ಇದ್ದೀನಿ’ ಅನ್ನುತ್ತಿದ್ದರೆ ಎಂಟ್ರಿ ಎಂದೂ ಸಾಯುವುದಿಲ್ಲ. ಪ್ಲಗ್ ಕಿತ್ತು ಹಾಕಿದರೂ ಫೋನು ಅಷ್ಟರೊಳಗೆ ಎದ್ದು ಐಪಿ ಫೋನುಗಳ ಮಾಮೂಲಿ 5060 ಪೋರ್ಟಿನಿಂದಲೇ ಕೂಗುತ್ತದೆ, ಅದೇ ಎಂಟ್ರಿಗೆ ಸಿಕ್ಕಿಕೊಳ್ಳುತ್ತದೆ. ಮೂರು ನಿಮಿಷ ಪೂರ್ತಿ ಆಫ್ ಮಾಡಿಟ್ಟು ನೋಡಿ, ಸರಿಹೋಗುತ್ತದೆ. ಕಮಾಂಡ್ ಗೊತ್ತಿಲ್ಲದವರಿಗೆ ಇದೇ ದಾರಿ.

ಕಮಾಂಡ್ ಹೀಗೆ: ಕಾನ್‌ಟ್ರ್ಯಾಕ್ -ಡಿ -ಪಿ ಯುಡಿಪಿ -ಎಸ್ 192.168.1.50 --ಡಿಪೋರ್ಟ್ 5060. ಆ ವಿಳಾಸದ ಜಾಗದಲ್ಲಿ ನಿಮ್ಮ ಫೋನಿನದ್ದು ಹಾಕಿ. ಡಿ ದೊಡ್ಡಕ್ಷರ, ಅಂದರೆ ಡಿಲೀಟ್. ಸಣ್ಣ ಡಿ ಅಂದರೆ ಪ್ಯಾಕೆಟ್ ಹೋಗಿ ಸೇರುವ ವಿಳಾಸ, ಅದೇ ಬೇರೆ. ಮೊದಲು ಡಿ ಬದಲು ಎಲ್ ಹಾಕಿ ಇದನ್ನೇ ಓಡಿಸಿ, ಯಾವ ಸಾಲುಗಳು ಸಿಗುತ್ತವೆ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಅಳಿಸಿ. ಎಷ್ಟು ಅಳಿಸಿತು ಅಂತ ಅದೇ ಹೇಳುತ್ತದೆ. ಸೊನ್ನೆ ಬಂದರೆ ನಿಮ್ಮ ವಿಳಾಸವೋ ಪೋರ್ಟೋ ತಪ್ಪು.

ಅನುಕ್ರಮ ಮರೆಯಬೇಡಿ. ಮೊದಲು ರೂಟು, ನ್ಯಾಟ್ ನಿಯಮ ಸರಿಮಾಡಿ, ಆಮೇಲೆ ಅಳಿಸಿ. ಉಲ್ಟಾ ಮಾಡಿದರೆ ಮುಂದಿನ ಪ್ಯಾಕೆಟ್ ಬಂದು ಅದೇ ತಪ್ಪು ಎಂಟ್ರಿಯನ್ನು ಮತ್ತೆ ಬರೆಸುತ್ತದೆ. ಲೈನು ಬದಲಿಸುವ ಸ್ಕ್ರಿಪ್ಟಿನ ಕೊನೆಯಲ್ಲೇ ಈ ಸಾಲು ಸೇರಿಸಿಬಿಡಿ.

ದೊಡ್ಡಕ್ಷರದ ಎಫ್ ಕೊಟ್ಟರೆ ಪಟ್ಟಿ ಪೂರ್ತಿ ಖಾಲಿ. ಅದನ್ನು ಮುಟ್ಟಬೇಡಿ. ರಾತ್ರಿ ಎರಡು ಗಂಟೆಗೆ, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಎಫ್ ಓಡಿಸುವವರನ್ನು ನೋಡಿದ್ದೇನೆ. ಬ್ಯಾಕಪ್ ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಅಂತ ಬೆಳಿಗ್ಗೆ ಅವರೇ ತಲೆ ಕೆರೆದುಕೊಳ್ಳುತ್ತಾರೆ.

ಹೆಜ್ಜೆ 4: ಮೊದಲು ಕನೆಕ್ಷನ್ ಕಟ್ಟಿಕೊಂಡೇ ಮಾತಾಡುವ ಟಿಸಿಪಿ ಕಥೆ ಬೇರೆ. ಎಸ್ಟಾಬ್ಲಿಷ್ಡ್, ಅಂದರೆ ಕಟ್ಟಿ ಮುಗಿದ, ಕನೆಕ್ಷನ್ನಿಗೆ ಕರ್ನಲ್ ಕೊಡುವ ಆಯಸ್ಸು 432000 ಸೆಕೆಂಡು, ಅಂದರೆ ಐದು ದಿನ! ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದವರ ಎಂಟ್ರಿ ಅಷ್ಟೂ ದಿನ ಕೂತಿರುತ್ತದೆ. ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ ಕಮಾಂಡಿನಲ್ಲಿ ಇದನ್ನು 7440ಕ್ಕೆ ಇಳಿಸಿ. 2008ರ ಆರ್‌ಎಫ್‌ಸಿ 5382 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆ ನ್ಯಾಟ್‌ಗೆ ಹಾಕಿದ ಕನಿಷ್ಠ ಮಿತಿ ಅದು, 2 ಗಂಟೆ 4 ನಿಮಿಷ. ಟಿಸಿಪಿ ಕೀಪ್‌ಅಲೈವ್ ಮಾಮೂಲಾಗಿ 2 ಗಂಟೆಗೊಮ್ಮೆ ಬಾಗಿಲು ತಟ್ಟುತ್ತದೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ ಅಂತ. ‘ಟ್ಯೂನಿಂಗ್’ ಸ್ಕ್ರಿಪ್ಟುಗಳಲ್ಲಿ 300, 600 ಅಂತ ಇರುತ್ತದೆ. ನಂಬಿದರೆ, ಟೀ ಕುಡಿದು ಬರುವಷ್ಟರಲ್ಲಿ ದೂರದ ಪಿಸಿಗೆ ಲಾಗಿನ್ ಆಗಿದ್ದ ನಿಮ್ಮ ಎಸ್‌ಎಸ್‌ಎಚ್ ಸತ್ತಿರುತ್ತದೆ.

ಇನ್ನೊಂದು ವಿಷಯ. ಹೊಸ ಸಂಖ್ಯೆ ಹಳೇ ಎಂಟ್ರಿಗೆ ತಟ್ಟುವುದು ಅದರಲ್ಲಿ ಮುಂದಿನ ಪ್ಯಾಕೆಟ್ ಹರಿದಾಗ. ಸತ್ತದ್ದರಲ್ಲಿ ಪ್ಯಾಕೆಟ್ ಎಲ್ಲಿಂದ ಬರಬೇಕು? ಇಳಿಸಿ ಅರ್ಧ ದಿನವಾದರೂ ಎಣಿಕೆ ಕಡಿಮೆಯಾಗಲಿಲ್ಲ ಅಂತ ಗಾಬರಿ ಬೇಡ. ಐದು ದಿನ ಕಾಯಿರಿ, ಇಲ್ಲವೇ ಹೆಜ್ಜೆ 3ರ ಹಾಗೆ ಆರಿಸಿ ಅಳಿಸಿ.

ಹೆಜ್ಜೆ 5: ರೀಬೂಟ್ ಆದರೂ ಉಳಿಯಲಿ ಅಂತ ಆ 7440 ಸಂಖ್ಯೆಯನ್ನು ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರಿನ ಫೈಲಿನಲ್ಲಿ ಬರೆದಿಡಿ. ಬೂಟ್ ಆದಮೇಲೆ ಮತ್ತೆ 432000 ಕಂಡರೆ, ಫೈಲು ಓದುವ ಹೊತ್ತಿಗೆ ಕಾನ್‌ಟ್ರ್ಯಾಕ್ ಮಾಡ್ಯೂಲ್ ಇನ್ನೂ ಲೋಡ್ ಆಗಿರಲಿಲ್ಲ ಅಂತ. ಮಾಡ್ಯೂಲ್ಸ್ ಲೋಡ್ ಡಾಟ್ ಡಿ ಫೋಲ್ಡರಿನಲ್ಲಿ ಅದರ ಹೆಸರಿನ ಒಂದು ಸಾಲು ಹಾಕಿ.